ಅರ್ಧಕ್ಕೆ ನಿಂತ ಕಾದಂಬರಿ

ಕನ್ನಡದಲ್ಲಿ ‘ಕಾದಂಬರಿ’ ಎಂಬ ಪ್ರಕಾರಕ್ಕೆ ಆ ಹೆಸರು ಬಂದದ್ದೇ ಬರೆದವನಿಂದ ಮುಗಿಯದೆ ಹೋದ ಒಂದು ಕೃತಿಯಿಂದ. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ತನ್ನ ‘ಕಾದಂಬರಿ’ಯನ್ನು ನಡುವೆಯೇ ಬಿಟ್ಟು ತೀರಿಕೊಂಡ. ಅದನ್ನು ದಡ ಮುಟ್ಟಿಸಿದವನು ಅವನ ಮಗ ಭೂಷಣಭಟ್ಟ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಒಂದನೆಯ ನಾಗವರ್ಮ ಅದನ್ನು ಚಂಪೂವಿನಲ್ಲಿ ‘ಕರ್ಣಾಟಕ ಕಾದಂಬರಿ’ಯಾಗಿಸಿದಾಗ ತಂದೆ ಬರೆದ ಭಾಗವೂ ಮಗ ಬರೆದ ಭಾಗವೂ ಸೇರಿ ಒಂದೇ ಕತೆಯಾಗಿ ಕನ್ನಡಕ್ಕೆ ಬಂತು. ಮುಂದೆ ಇಂಗ್ಲಿಷಿನ ‘ನಾವೆಲ್’ ನಮ್ಮ ಬಾಗಿಲಿಗೆ ಬಂದಾಗ ಕನ್ನಡಿಗರೂ ಮರಾಠಿಗರೂ ಅದಕ್ಕೆ ಈ ಹೆಸರನ್ನೇ ಇಟ್ಟರು. ನಡುವೆ ನಿಂತುಹೋಗುವುದು ಈ ಪ್ರಕಾರಕ್ಕೆ ಹೆಸರಿನ ಜೊತೆಗೇ ಅಂಟಿಕೊಂಡು ಬಂದ ಗುಣ ಎಂದರೆ ತಪ್ಪಾಗಲಾರದು.

ಆದರೂ ನಮ್ಮ ಸಾಹಿತ್ಯ ವಲಯಕ್ಕೆ ನಿಂತ ಬರಹದ ಬಗ್ಗೆ ಮಾತಾಡಲು ಸಂಕೋಚ. ಪುಸ್ತಕ ಬಿಡುಗಡೆಯ ಸಭೆಗಳಲ್ಲಿ, ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ, ಮಾನಸಗಂಗೋತ್ರಿಯ ಮರಗಳ ಕೆಳಗೆ ಲೇಖಕರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಮುಂದಿನ ಕಾದಂಬರಿ ಯಾವಾಗ?’ ಕೇಳಿಸಿಕೊಂಡವರು ನಕ್ಕು ಮಾತು ತಪ್ಪಿಸುತ್ತಾರೆ. ನೂರು ಪುಟ ಬರೆದು ಎರಡು ವರ್ಷದಿಂದ ಬೀರುವಿನಲ್ಲಿಟ್ಟಿರುವ ಹಸ್ತಪ್ರತಿಯ ಬಗ್ಗೆ ಅವರು ಮನೆಯವರ ಬಳಿಯೂ ಬಾಯಿಬಿಟ್ಟಿರುವುದಿಲ್ಲ. ನಿಂತ ಬರಹ ಎಂದರೆ ಸೋಲು, ಇಲ್ಲವೇ ಸೋಮಾರಿತನ ಎಂಬ ಭಾವನೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ.

ಇಂಗ್ಲಿಷಿನವರು ಇದಕ್ಕೆ ‘ರೈಟರ್ಸ್ ಬ್ಲಾಕ್’ ಎಂದು ಹೆಸರಿಟ್ಟು ಕಾಯಿಲೆಗಳ ಸಾಲಿಗೆ ಸೇರಿಸಿದ್ದಾರೆ. ವಿಯೆನ್ನಾದಿಂದ ನ್ಯೂಯಾರ್ಕಿಗೆ ವಲಸೆ ಹೋದ ಮನೋವಿಶ್ಲೇಷಕ ಎಡ್ಮಂಡ್ ಬರ್ಗ್ಲರ್ 1940ರ ದಶಕದಲ್ಲಿ ಈ ಮಾತನ್ನು ಚಲಾವಣೆಗೆ ತಂದ. ಲೇಖಕನ ಪೆನ್ನು ನಿಲ್ಲುವುದಕ್ಕೆ ಅವನ ಶೈಶವದಲ್ಲಿ ಕಾರಣ ಹುಡುಕಬೇಕೆಂಬುದು ಅವನ ವಾದ. ಕಾಯಿಲೆ ಎಂದ ಮೇಲೆ ಮದ್ದೂ ಬರಲೇಬೇಕಲ್ಲ. ದಿನಕ್ಕಿಷ್ಟು ಪುಟ ಬರೆಯಿರಿ, ಬೆಳಗಿನ ಜಾವ ಏಳಿರಿ, ಜಾಗ ಬದಲಿಸಿರಿ ಎಂದು ಉಪದೇಶಿಸುವ ಪುಸ್ತಕಗಳು ರಾಶಿರಾಶಿಯಾಗಿವೆ. ಅವುಗಳಿಂದ ಕೆಲವರಿಗೆ ಉಪಯೋಗವಾಗಿರಲೂಬಹುದು. ಆದರೆ ಈ ಮದ್ದುಗಳೆಲ್ಲ ಲೇಖಕರ ಅಭ್ಯಾಸವನ್ನು ನೋಡುತ್ತವೆಯೇ ಹೊರತು ಕಾದಂಬರಿ ಯಾವ ಪುಟದಲ್ಲಿ, ಯಾವ ಪಾತ್ರದ ಎದುರು, ಯಾವ ಮಾತಿನ ಮುಂದೆ ನಿಂತಿತು ಎಂಬುದನ್ನು ನೋಡುವುದಿಲ್ಲ. ನಮ್ಮ ದೃಷ್ಟಿಯಲ್ಲಿ ವಿಮರ್ಶೆ ಮಾಡಬೇಕಾದ ಕೆಲಸ ಅದು. ನಿಂತ ಕಾದಂಬರಿ ಬರೆಯುವವರ ಎದುರು ಒಂದು ಪ್ರಶ್ನೆ ಹಿಡಿದು ನಿಂತಿರುತ್ತದೆ. ಅದಕ್ಕೆ ಉತ್ತರ ಸಿಗುವ ತನಕ ಮುಂದೆ ಹೋಗಲು ಬಿಡುವುದಿಲ್ಲ. ಈ ಮಾತನ್ನು ಪರೀಕ್ಷಿಸಲು ಮೈಸೂರಿಗಿಂತ ಒಳ್ಳೆಯ ಊರು ಸಿಗಲಾರದು. ಎರಡು ಕಾದಂಬರಿಗಳ ನಡುವೆ ಮೂರು ದಶಕ ಕಳೆದವರು, ದುಃಖದಿಂದ ಬರವಣಿಗೆ ನಿಂತವರು, ಸಾವಿನಿಂದ ಹಸ್ತಪ್ರತಿ ಅರ್ಧಕ್ಕುಳಿದವರು, ಒಂದು ದೊಡ್ಡ ಕೃತಿ ಕೊಟ್ಟ ಮೇಲೆ ಕಾದಂಬರಿಯ ಕಡೆ ತಿರುಗದವರು, ಎಲ್ಲರೂ ಈ ಊರಿನಲ್ಲಿ ಬಾಳಿದ್ದಾರೆ.

ಗಾಡಿಯಿಂದ ಇಳಿದು ನಡೆದದ್ದು

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ಅವರ ಎರಡನೆಯ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾದದ್ದು 1967ರಲ್ಲಿ. ನಡುವೆ 31 ವರ್ಷ. ಈ ಅವಧಿಯಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. 1936ರಿಂದ ಹತ್ತು ವರ್ಷ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲುಗಳ ‘ಶ್ರೀರಾಮಾಯಣ ದರ್ಶನಂ’ ಬರೆದರು. ಪಾಠ ಹೇಳಿದರು. 1956ರಿಂದ 1960ರ ತನಕ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಮಾನಸಗಂಗೋತ್ರಿಗೆ ಬುನಾದಿ ಹಾಕಿದರು. ಇಷ್ಟನ್ನು ಹೇಳಿ, ಬಿಡುವಿರಲಿಲ್ಲ, ಆದ್ದರಿಂದ ಕಾದಂಬರಿ ತಡವಾಯಿತು ಎಂದು ಮುಗಿಸುವುದು ಸುಲಭ. ಆದರೆ ಎರಡೂ ಕಾದಂಬರಿಗಳ ಮೊದಲ ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಬೇರೆಯೇ ಸಂಗತಿ ಕಾಣುತ್ತದೆ.

‘ಕಾನೂರು ಹೆಗ್ಗಡಿತಿ’ ಶುರುವಾಗುವುದು ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯ ರಜೆಗೆಂದು ಊರಿಗೆ ಮರಳುವುದರೊಂದಿಗೆ. ಅವರನ್ನು ಕರೆದೊಯ್ಯಲು ಮನೆಯಿಂದ ಗಾಡಿ ಬಂದಿರುತ್ತದೆ. ಮಲೆನಾಡನ್ನು ನಾವು ಅಲ್ಲಿ ನೋಡುವುದು ಹೆಚ್ಚಾಗಿ ಓದು ಕಲಿತ, ಆದರ್ಶ ತುಂಬಿಕೊಂಡ ಹೂವಯ್ಯನ ಕಣ್ಣಿನಿಂದ. ಆಳುಕಾಳುಗಳು ಅಲ್ಲಿಯೂ ಇದ್ದಾರೆ, ಜೀವಂತವಾಗಿಯೇ ಇದ್ದಾರೆ. ಆದರೆ ಕತೆಯ ತೂಕ ಒಡೆಯರ ಮನೆಯ ಮೇಲಿದೆ. ‘ಮದುಮಗಳು’ ಶುರುವಾಗುವುದು ಕಾಲ್ನಡಿಗೆಯಲ್ಲಿ. ಜೀತದಾಳು ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿಯಲ್ಲಿ ನಡೆದು ಹೋಗುತ್ತಿರುತ್ತಾನೆ. ಏಳುನೂರು ಪುಟಗಳ ಆಸುಪಾಸಿನ ಆ ಕಾದಂಬರಿಯಲ್ಲಿ ಒಬ್ಬ ನಾಯಕನೆಂಬುವನಿಲ್ಲ. ಗುತ್ತಿ-ತಿಮ್ಮಿಯರ ಓಟಕ್ಕೂ ಮುಕುಂದಯ್ಯ-ಚಿನ್ನಮ್ಮರ ಪ್ರೀತಿಗೂ ಐತ-ಪೀಂಚಲುವಿನ ಸಂಸಾರಕ್ಕೂ ಒಂದೇ ಬಗೆಯ ಗಮನ ಸಿಗುತ್ತದೆ. ನಾಯಿಯೊಂದರ ಬದುಕಿಗೂ ಅಲ್ಲಿ ಜಾಗವಿದೆ.

ಎರಡು ಪುಸ್ತಕಗಳದ್ದೂ ಅದೇ ಮಲೆ, ಅದೇ ಮಳೆ, ಅದೇ ಮನೆತನಗಳು. 31 ವರ್ಷದಲ್ಲಿ ಲೇಖಕರಿಗೆ ಹೊಸ ಸಾಮಗ್ರಿ ಸಿಕ್ಕಿತೆಂದು ನಮಗನಿಸುವುದಿಲ್ಲ. ಬದಲಾದದ್ದು ಯಾರನ್ನು ಕತೆಯ ನಡುಮನೆಗೆ ಕರೆದು ಕೂರಿಸಬೇಕು ಎಂಬ ತೀರ್ಮಾನ. ಗಾಡಿಯಲ್ಲಿ ಕೂತ ಕಾದಂಬರಿಕಾರ ಇಳಿದು ಗುತ್ತಿಯ ಹಿಂದೆ ನಡೆಯಲು ಅಷ್ಟು ಕಾಲ ಹಿಡಿಯಿತು. 1940ರಲ್ಲಿಯೇ ಎರಡನೆಯ ಕಾದಂಬರಿ ಬಂದಿದ್ದರೆ ಅದು ಬಹುಶಃ ಇನ್ನೊಂದು ‘ಹೆಗ್ಗಡಿತಿ’ಯೇ ಆಗಿರುತ್ತಿತ್ತು. ‘ದೇರ್ ಆಯೇ ದುರುಸ್ತ್ ಆಯೇ’ ಎಂದು ಉರ್ದುವಿನಲ್ಲಿ ಗಾದೆಯೊಂದಿದೆ. ತಡವಾಗಿ ಬಂದರು, ಸರಿಯಾಗಿ ಬಂದರು ಎಂದು ಅರ್ಥ. ಈ ಕಾದಂಬರಿಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ.

ಹೊಲಿಗೆ ಕಾಣುವ ಪುಸ್ತಕ

ಎರಡನೆಯ ಉದಾಹರಣೆ ಇಂಗ್ಲಿಷಿನಲ್ಲಿ ಬರೆದ, ಆದರೆ ಮೈಸೂರಿನ ಬೀದಿಗಳನ್ನು ಬಿಟ್ಟು ಬದುಕದ ಆರ್.ಕೆ. ನಾರಾಯಣ್ ಅವರದ್ದು. 1935, 1937, 1938ರಲ್ಲಿ ಒಂದರ ಹಿಂದೆ ಒಂದರಂತೆ ಅವರ ಮೂರು ಕಾದಂಬರಿಗಳು ಬಂದವು. 1939ರಲ್ಲಿ ಪತ್ನಿ ರಾಜಂ ವಿಷಮಶೀತ ಜ್ವರದಿಂದ ತೀರಿಕೊಂಡರು. ತೊಡೆಯ ಮೇಲೆ ಮೂರು ವರ್ಷದ ಮಗಳು. ಮುಂದಿನ ಕಾದಂಬರಿ ‘ದಿ ಇಂಗ್ಲಿಷ್ ಟೀಚರ್’ ಬಂದದ್ದು 1945ರಲ್ಲಿ.

ಈ ಏಳು ವರ್ಷಗಳಲ್ಲಿ ಅವರು ಮಾಡಿದ್ದನ್ನು ಗಮನಿಸಬೇಕು. 1941ರಲ್ಲಿ ಮೈಸೂರಿನಿಂದ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಹೊರಡಿಸಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಸಣ್ಣಕತೆ ಬರೆದರು, 1943ರಲ್ಲಿ ‘ಮಾಲ್ಗುಡಿ ಡೇಸ್’ ಸಂಕಲನ ಬಂತು. ದೊಡ್ಡ ಕಟ್ಟಡ ಎಬ್ಬಿಸಲಾಗದ ಕಾಲದಲ್ಲಿ ಅವರು ಇಟ್ಟಿಗೆ ಸುಡುವುದನ್ನು ನಿಲ್ಲಿಸಲಿಲ್ಲ. ಕೈಯ ಹದ ತಪ್ಪದಂತೆ ನೋಡಿಕೊಂಡರು. ಕಾದಂಬರಿ ನಿಂತಾಗ ಸಣ್ಣದನ್ನು ಬರೆ ಎಂಬ ಬುದ್ಧಿಮಾತನ್ನು ಎಲ್ಲರೂ ಹೇಳುತ್ತಾರೆ. ನಾರಾಯಣ್ ವಿಷಯದಲ್ಲಿ ಅದು ಅರ್ಧ ಸತ್ಯ. ಉಳಿದರ್ಧ ಇರುವುದು ಅವರು ಮತ್ತೆ ಬರೆದ ಕಾದಂಬರಿಯೊಳಗೆ.

ಯಾವುದು ಅವರನ್ನು ನಿಲ್ಲಿಸಿತ್ತೋ ಅದನ್ನು ಬಳಸಿಕೊಂಡು ದಾಟಿ ಹೋಗುವ ಬೇರೆ ಕತೆ ಅವರಿಗೆ ಸಿಗಲಿಲ್ಲ. ಆದ್ದರಿಂದ ಅದನ್ನೇ ಬರೆದರು. ‘ಇಂಗ್ಲಿಷ್ ಟೀಚರ್’ನ ಕೃಷ್ಣ ಕಾಲೇಜಿನ ಮೇಷ್ಟ್ರು. ಹೆಂಡತಿ ಸುಶೀಲ. ಹೊಸ ಮನೆ ನೋಡಲು ಹೋದ ದಿನದಿಂದ ಶುರುವಾದ ಜ್ವರ ಅವಳನ್ನು ಕೊಂಡೊಯ್ಯುತ್ತದೆ. ಕಾದಂಬರಿಯ ಮೊದಲರ್ಧದಲ್ಲಿ ಅಡುಗೆಮನೆಯ ಲೆಕ್ಕ, ಗಡಿಯಾರದ ಮೇಲಿನ ಜಗಳ, ಮಗುವಿನ ತೊದಲು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಇಷ್ಟು ಹಗುರವಾಗಿ, ಇಷ್ಟು ನಿಖರವಾಗಿ ದಾಂಪತ್ಯವನ್ನು ಬರೆದವರು ಕಡಿಮೆ. ಸಾವಿನ ನಂತರದ ಭಾಗದಲ್ಲಿ ಗದ್ಯದ ನಡಿಗೆಯೇ ಬದಲಾಗುತ್ತದೆ. ಸತ್ತ ಹೆಂಡತಿ ಇನ್ನೊಬ್ಬರ ಕೈಬರಹದ ಮೂಲಕ ಕೃಷ್ಣನೊಡನೆ ಮಾತಾಡತೊಡಗುತ್ತಾಳೆ. ಅನೇಕ ವಿಮರ್ಶಕರಿಗೆ ಈ ಎರಡನೆಯ ಅರ್ಧ ಒಗ್ಗಿಲ್ಲ. ನಮಗೂ ಅದರ ಎಲ್ಲ ಪುಟಗಳು ಮನಸ್ಸಿಗೆ ಬರುವುದಿಲ್ಲ. ಎರಡು ಬೇರೆ ಬಟ್ಟೆಗಳನ್ನು ಸೇರಿಸಿದ ಹೊಲಿಗೆ ಅಲ್ಲಿ ಎದ್ದು ಕಾಣುತ್ತದೆ. ಆದರೆ ಆ ಹೊಲಿಗೆಯನ್ನು ಮುಚ್ಚಿಡದೆ ಬಿಟ್ಟದ್ದರಿಂದಲೇ ಪುಸ್ತಕ ನಿಜವಾಗಿದೆ. ಬರಹ ನಿಂತ ಜಾಗ ಪುಸ್ತಕದ ಒಳಗೇ ಇದೆ. ಓದುಗರೂ ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ನಯವಾಗಿ ಮುಗಿಸಿದ್ದರೆ ಅದು ಮಾಮೂಲು ದುಃಖದ ಕತೆಯಾಗುತ್ತಿತ್ತು. ಯಾದವಗಿರಿಯಲ್ಲಿ ಅವರು ಮುಂದೆ ಕಟ್ಟಿಸಿದ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದನ್ನು ನೋಡಲು ಹೋಗುವವರು ಈ ಪುಸ್ತಕವನ್ನೂ ಓದಿ ಹೋದರೆ ಒಳ್ಳೆಯದು.

ನಿಲ್ಲಲು ಪುರುಸೊತ್ತಿಲ್ಲದವರು

ಕುವೆಂಪು ಅವರಿಗೆ 31 ವರ್ಷ ಸಿಕ್ಕಿತು, ನಾರಾಯಣ್ ಅವರಿಗೆ ಏಳು. ಎಲ್ಲರಿಗೂ ಕಾಲ ಹೀಗೆ ಸಿಗುವುದಿಲ್ಲ. ಮೈಸೂರಿನಲ್ಲೇ ಓದಿ, ಮೈಸೂರಿನಲ್ಲೇ ಬರೆದ ತ್ರಿವೇಣಿ 1953ರಲ್ಲಿ ‘ಅಪಸ್ವರ’ದಿಂದ ಆರಂಭಿಸಿ ಹತ್ತೇ ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದರು. 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಅರ್ಧಕ್ಕೆ ನಿಂತಿದ್ದ ‘ಅವಳ ಮಗಳು’ ಕಾದಂಬರಿಯನ್ನು ಲೇಖಕಿ ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು.

ಮನಃಶಾಸ್ತ್ರ ಓದಿದ್ದ ತ್ರಿವೇಣಿ ಹೆಣ್ಣಿನ ಮನಸ್ಸು ಕಟ್ಟಿಕೊಳ್ಳುವುದನ್ನು, ಒಡೆಯುವುದನ್ನು ಕನ್ನಡಕ್ಕೆ ತಂದವರು. ‘ಶರಪಂಜರ’ದ ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕದಡುತ್ತದೆ. ವಾಸಿಯಾಗಿ ಮನೆಗೆ ಬಂದ ಮೇಲೂ ಯಾರೂ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಹೆರಿಗೆಯ ಸುತ್ತಲಿನ ಭಯವನ್ನು ಅಷ್ಟು ಹತ್ತಿರದಿಂದ ಬರೆದ ಲೇಖಕಿಯ ಕೊನೆಯ ಕಾದಂಬರಿ ನಿಂತದ್ದೂ ಹೆರಿಗೆಯ ಬೆನ್ನಿಗೇ. ಇದನ್ನು ವಿಧಿಯ ಆಟವೆಂದು ಕೈಬಿಡುವಂತಿಲ್ಲ. ಆ ಕಾಲದ ಎಷ್ಟೋ ತಾಯಂದಿರ ಬದುಕು ಹೀಗೆ ಮುಗಿದಿದೆ.

ನಮ್ಮ ವಿಮರ್ಶೆ ತ್ರಿವೇಣಿಯವರನ್ನು ಬಹುಕಾಲ ‘ಜನಪ್ರಿಯ ಲೇಖಕಿ’ ಎಂಬ ಕಪಾಟಿನಲ್ಲಿಟ್ಟಿತು. ಹತ್ತು ವರ್ಷದಲ್ಲಿ ಇಪ್ಪತ್ತು ಎಂಬ ಲೆಕ್ಕವನ್ನೇ ಅವರ ವಿರುದ್ಧದ ಸಾಕ್ಷಿಯಂತೆ ಬಳಸಿದ್ದೂ ಉಂಟು. ‘ಸೃಜನಶೀಲ ಬಿಕ್ಕಟ್ಟು’ ಎಂಬ ಘನವಾದ ಮಾತು ಗಂಡಸರ ಮೌನಕ್ಕೆ ಮಾತ್ರ ಮೀಸಲಾಯಿತು. ಮನೆ, ಬಸಿರು, ಬಾಣಂತನ, ಅತಿಥಿ ಸತ್ಕಾರಗಳ ನಡುವೆ ಬರೆದವರಿಗೆ ಬಿಕ್ಕಟ್ಟನ್ನು ಅನುಭವಿಸುವುದಕ್ಕೂ ಪುರುಸೊತ್ತು ಇರಲಿಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಬಾಣನ ಕೃತಿಯನ್ನು ಮಗ ಮುಗಿಸಿದ್ದು ಸಾಹಿತ್ಯ ಚರಿತ್ರೆಯಾಯಿತು. ಒಬ್ಬ ಲೇಖಕಿಯ ಕೃತಿಯನ್ನು ಇನ್ನೊಬ್ಬ ಲೇಖಕಿ ಮುಗಿಸಿಕೊಟ್ಟದ್ದು ಮುನ್ನುಡಿಯ ಒಂದು ಸಾಲಿನಲ್ಲಿ ಉಳಿಯಿತು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ ಇನ್ನೂ ಆಗಬೇಕಾಗಿದೆ.

ಮೌನವನ್ನು ಸಾಲವೆಂದು ಎಣಿಸುವವರು

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಬಂದದ್ದು 1984ರಲ್ಲಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ‘ದ್ಯಾವನೂರು’ ಕತೆಗಳು, ‘ಒಡಲಾಳ’, ಆಮೇಲೆ ಈ ಪುಟ್ಟ ಕಾದಂಬರಿ. ಕಾದಂಬರಿಕಾರರಾಗಿ ಅವರು ಕೊಟ್ಟದ್ದು ಹೆಚ್ಚುಕಡಿಮೆ ಅಷ್ಟೇ. ‘ಎದೆಗೆ ಬಿದ್ದ ಅಕ್ಷರ’ 2012ರಲ್ಲಿ ಬಂತು. ಅದು ಲೇಖನ, ಭಾಷಣಗಳ ಸಂಕಲನ. 2022ರಲ್ಲಿ ಆರೆಸ್ಸೆಸ್ ಕುರಿತ ಕಿರುಹೊತ್ತಿಗೆ ಬಂದು ಊರೂರಿಗೆ ಹರಡಿತು. ಮತ್ತೊಂದು ‘ಕುಸುಮಬಾಲೆ’ ಎಲ್ಲಿ ಎಂದು ಕೇಳುವವರು ಮಾತ್ರ ಇನ್ನೂ ಕೇಳುತ್ತಲೇ ಇದ್ದಾರೆ.

ಹೀಗೆ ಕೇಳುವವರು ಆ ಕಾದಂಬರಿ ಏನನ್ನು ಸಾಧಿಸಿತು ಎಂಬುದನ್ನು ಒಮ್ಮೆ ನೋಡಬೇಕು. ನಂಜನಗೂಡು ಸೀಮೆಯ ದಲಿತರ ಆಡುಮಾತನ್ನು ಪಾತ್ರಗಳ ಸಂಭಾಷಣೆಗೆ ಬಳಸುವುದು ಒಂದು ಹಂತ. ಅದನ್ನು ಅನೇಕರು ಮಾಡಿದ್ದಾರೆ. ನಿರೂಪಕರು ಮಾತ್ರ ತಮ್ಮ ಶಿಷ್ಟಗನ್ನಡದಲ್ಲಿ ಕೈಕಟ್ಟಿ ನಿಂತಿರುತ್ತಾರೆ. ದೇವನೂರರು ನಿರೂಪಣೆಯನ್ನೇ ಆ ಮಾತಿಗೆ ಒಪ್ಪಿಸಿದರು. ಗದ್ಯ, ಪದ್ಯ, ಲಾವಣಿ, ಪವಾಡಗಳ ಗೆರೆ ಅಳಿಸಿತು. ಚೆನ್ನನ ಕೊಲೆಯ ಕತೆಯನ್ನು ಹೇಳುವಲ್ಲಿ ಮನುಷ್ಯರಷ್ಟೇ ಅಲ್ಲ, ಮನೆಮನೆಯ ದೀಪದ ಜೋತಮ್ಮಗಳೂ ಬಾಯಿ ತೆರೆದವು. ಮೇಲುಜಾತಿಯ ಹುಡುಗಿಯನ್ನು ಪ್ರೀತಿಸಿದ ದಲಿತ ಯುವಕನ ಕೊಲೆ ಎಂಬ ಸಂಗತಿಯನ್ನು ವರದಿಯ ಭಾಷೆಯಲ್ಲಿ ಹೇಳಿದರೆ ಅದು ಇನ್ನೊಂದು ಸುದ್ದಿಯಾಗುತ್ತದೆ. ಅದನ್ನು ಊರಿನ ನೆನಪಾಗಿಸಲು ಒಂದು ಭಾಷೆಯನ್ನೇ ಕಟ್ಟಬೇಕಾಯಿತು. ಇಂಥ ಭಾಷೆ ಒಂದು ಪುಸ್ತಕಕ್ಕೆಂದು ಹುಟ್ಟುತ್ತದೆ. ಅದನ್ನೇ ಅಚ್ಚು ಮಾಡಿಕೊಂಡು ಎರಡನೆಯ, ಮೂರನೆಯ ಪುಸ್ತಕ ಎರಕ ಹೊಯ್ದಿದ್ದರೆ ಪ್ರಕಾಶಕರಿಗೆ ಸಂತೋಷವಾಗುತ್ತಿತ್ತು. ‘ಕುಸುಮಬಾಲೆ’ಯ ಬೆಲೆ ಮಾತ್ರ ಇಳಿಯುತ್ತಿತ್ತು.

ದಲಿತ ಸಂಘರ್ಷ ಸಮಿತಿಯಿಂದ ಸರ್ವೋದಯ ಕರ್ನಾಟಕದವರೆಗೆ ಅವರು ಸಾರ್ವಜನಿಕ ಬದುಕಿಗೆ ಕೊಟ್ಟ ವರ್ಷಗಳನ್ನು ‘ಕಳೆದುಹೋದ ಕಾದಂಬರಿಗಳು’ ಎಂದು ಲೆಕ್ಕ ಹಾಕುವುದು ಅಸಂಗತ. ಹೇಳಲು ಇರುವುದನ್ನು ಹೇಳಿ ಸುಮ್ಮನಾಗುವುದು ಕೂಡ ಲೇಖಕರ ಹಕ್ಕು. ನಿಂತ ಕಾದಂಬರಿ ಬೇರೆ, ಮುಗಿಸಿದ ಮೇಲಿನ ಮೌನ ಬೇರೆ. ಎರಡನ್ನೂ ಒಂದೇ ಕಾಯಿಲೆಯ ಹೆಸರಿನಿಂದ ಕರೆಯುವುದರಿಂದ ಯಾರಿಗೂ ಲಾಭವಿಲ್ಲ.

ಹೆಗಲ ಮೇಲಿನ ಇಬ್ಬರು

ಇನ್ನು ನಮ್ಮ ಕಾಲದ, ನಮಗೆ ತೀರಾ ಹತ್ತಿರದ ಪ್ರಶ್ನೆಗೆ ಬರೋಣ. ಮುಸ್ಲಿಂ ಸಮುದಾಯದಿಂದ ಬಂದ ಲೇಖಕರು ಕನ್ನಡ ಸಣ್ಣಕತೆಗೆ ಕೊಟ್ಟಷ್ಟನ್ನು ಕಾದಂಬರಿಗೆ ಕೊಡಲಾಗಿಲ್ಲವೇಕೆ? ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆಯಿತು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಅದೇ ವರ್ಷ ಅವರು ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. ಸಣ್ಣಕತೆ ಕಾದಂಬರಿಗೆ ಹೋಗುವ ಮೆಟ್ಟಿಲು ಎಂದು ತಿಳಿದವರಿಗೆ ಇಷ್ಟು ಉತ್ತರ ಸಾಕು. ಆದರೂ ಕಾದಂಬರಿ ಬರೆಯಬೇಕೆಂದು ಹೊರಟು ಐವತ್ತನೆಯ ಪುಟದಲ್ಲಿ ನಿಂತ ತರುಣ ತರುಣಿಯರು ಉದಯಗಿರಿಯಲ್ಲಿ, ಮಂಡಿ ಮೊಹಲ್ಲಾದಲ್ಲಿ ಇರಲಾರರೆಂದು ಯಾರೂ ಹೇಳಲಾರರು. ಅವರ ಕಷ್ಟವನ್ನು ಶಿಸ್ತಿನ ಕೊರತೆ ಎನ್ನುವುದು ಅನ್ಯಾಯ.

ಮನುಷ್ಯರ ಎರಡೂ ಹೆಗಲ ಮೇಲೆ ಅವರ ಒಳಿತು ಕೆಡುಕುಗಳನ್ನು ಬರೆದಿಡುವ ಇಬ್ಬರು ಮಲಕ್‌ಗಳಿದ್ದಾರೆ, ಅವರನ್ನು ಕಿರಾಮನ್ ಕಾತಿಬೀನ್ ಎನ್ನುತ್ತಾರೆ ಎಂಬುದು ಮುಸ್ಲಿಮರ ನಂಬಿಕೆ. ಬರೆಯಲು ಕೂತ ಮುಸ್ಲಿಂ ಲೇಖಕರ ಹೆಗಲ ಮೇಲೆ ಇನ್ನಿಬ್ಬರು ಬಂದು ಕೂರುತ್ತಾರೆ. ಇವರು ಮಲಕ್‌ಗಳಲ್ಲ, ಓದುಗರು. ‘ನಮ್ಮ ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆಯುತ್ತೀಯಾ?’ ಎಂದು ಒಬ್ಬರು ಕೇಳುತ್ತಾರೆ. ‘ನಿಮ್ಮವರ ಬಗ್ಗೆ ಇನ್ನೂ ಕಟುವಾಗಿ ಏಕೆ ಬರೆಯಲಿಲ್ಲ?’ ಎಂದು ಇನ್ನೊಬ್ಬರು. ಹತ್ತು ಪುಟದ ಕತೆಯನ್ನು ಇವರಿಬ್ಬರ ಕಣ್ಣು ತಪ್ಪಿಸಿ ಒಂದೇ ಉಸಿರಿನಲ್ಲಿ ಬರೆದುಬಿಡಬಹುದು. ಕಾದಂಬರಿ ಹಾಗಲ್ಲ. ಎರಡು ವರ್ಷ ಇವರ ಜೊತೆ ಬದುಕಬೇಕು. ಪ್ರತಿ ಪಾತ್ರವೂ ಸಮುದಾಯದ ವಕೀಲನೋ ಆರೋಪಿಯೋ ಆಗತೊಡಗಿದಾಗ ಕತೆ ನಿಂತುಹೋಗುತ್ತದೆ. ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ‘ಅಮ್ಮಿ’ ಕಾದಂಬರಿಯಲ್ಲಿ ಯಾವ ಭಾಷೆಯಲ್ಲಿ ಗದರಬೇಕು? ಶಿಷ್ಟಗನ್ನಡದಲ್ಲಿ ಗದರಿದರೆ ಅವಳು ಅಮ್ಮಿಯಾಗಿ ಉಳಿಯುವುದಿಲ್ಲ.

ಇದು ಇಲ್ಲಿಯ ಕಷ್ಟ ಮಾತ್ರವಲ್ಲ. ಅಮೆರಿಕದ ಕಪ್ಪು ಲೇಖಕ ರಾಲ್ಫ್ ಎಲಿಸನ್ 1952ರಲ್ಲಿ ‘ಇನ್ವಿಸಿಬಲ್ ಮ್ಯಾನ್’ ಬರೆದು ಒಂದೇ ಪುಸ್ತಕದಿಂದ ದೊಡ್ಡ ಹೆಸರಾದ. ಎರಡನೆಯ ಕಾದಂಬರಿಯನ್ನು ನಲವತ್ತು ವರ್ಷ ಬರೆದ. 1967ರಲ್ಲಿ ಮನೆಗೆ ಬೆಂಕಿ ಬಿದ್ದು ಹಸ್ತಪ್ರತಿಯ ಒಂದು ಭಾಗ ಸುಟ್ಟಿತು. 1994ರಲ್ಲಿ ತೀರಿಕೊಂಡಾಗ ಸಾವಿರಾರು ಪುಟಗಳಿದ್ದವು, ಕಾದಂಬರಿ ಇರಲಿಲ್ಲ. ಬೆಂಕಿಯೊಂದೇ ಅದಕ್ಕೆ ಕಾರಣವಾಗಿರಲಾರದು. ಕಪ್ಪು ಜನರ ಪರವಾಗಿಯೂ ಇಡೀ ಅಮೆರಿಕದ ಪರವಾಗಿಯೂ ಮಾತಾಡಬೇಕೆಂಬ ನಿರೀಕ್ಷೆಯ ಭಾರವನ್ನು ಒಬ್ಬ ಮನುಷ್ಯ ಹೊತ್ತರೆ ಏನಾಗುತ್ತದೆ ಎಂಬುದಕ್ಕೆ ಆ ಹಸ್ತಪ್ರತಿಯೇ ಸಾಕ್ಷಿ.

ಕನ್ನಡದಲ್ಲಿ ಇದನ್ನು ದಾಟಿದವರಿದ್ದಾರೆ. ದಾಟಿದ ದಾರಿಗಳು ಬೇರೆಬೇರೆ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ್ದ ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖಿನ ಸುಳಿಗೆ ಸಿಕ್ಕ ನಾದಿರಾಳ ಕತೆ ವಾರವಾರವೂ ಓದುಗರನ್ನು ತಲುಪುತ್ತಿತ್ತು. ಅಲ್ಫ್ ಲೈಲಾದ ಶಹರಜಾದೆ ಪ್ರತಿ ರಾತ್ರಿ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ತನ್ನ ಜೀವ ಉಳಿಸಿಕೊಂಡವಳು. ಧಾರಾವಾಹಿಯ ಗುಟ್ಟೂ ಅದೇ. ಅಲ್ಲಿ ಅರ್ಧಕ್ಕೆ ನಿಲ್ಲುವುದೇ ನಿಯಮ. ನಾಳೆಯ ಕಂತಿಗಾಗ ಕಾದಿರುವವರು ಎದುರಿಗೇ ಇರುತ್ತಾರೆ. ಊಹೆಯ ಇಬ್ಬರು ಓದುಗರ ಜಾಗಕ್ಕೆ ಸಾವಿರಾರು ನಿಜವಾದ ಓದುಗರು ಬಂದಾಗ ಹೆಗಲು ಹಗುರಾಗುತ್ತದೆ.

ಬೊಳುವಾರು ಮಹಮದ್ ಕುಂಞಿ ಅವರದ್ದು ಇನ್ನೊಂದು ದಾರಿ. ದಶಕಗಳ ಕಾಲ ಮುತ್ತುಪ್ಪಾಡಿ ಎಂಬ ಊರನ್ನು ಅವರು ಕತೆಯಿಂದ ಕತೆಗೆ ಕಟ್ಟುತ್ತ ಬಂದರು. ಅದರ ಮಸೀದಿ, ಅಂಗಡಿ, ಜಗಳ, ಜೋಕುಗಳೆಲ್ಲ ಓದುಗರಿಗೆ ಪರಿಚಯವಾದ ಮೇಲೆ, 2012ರಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳ ‘ಸ್ವಾತಂತ್ರ್ಯದ ಓಟ’ ಬಂತು. 2016ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕಾದಂಬರಿ ಎಲ್ಲ ಕಡೆಯೂ ಬಿಗಿಯಾಗಿಲ್ಲ. ಕೆಲವು ಕಡೆ ಇತಿಹಾಸದ ವಿವರ ಕತೆಯನ್ನು ಹಿಂದಕ್ಕೆ ಹಾಕುತ್ತದೆ. ಆದರೆ ಅದರ ಪಾತ್ರಗಳು ಸಮುದಾಯದ ಪ್ರತಿನಿಧಿಗಳಾಗುವ ಮೊದಲು ಮುತ್ತುಪ್ಪಾಡಿಯವರು. ಸಮುದಾಯದ ಹೊರೆ ಹೊರಲಾಗದವರಿಗೆ ಒಂದು ಊರು ಸಾಕು ಎಂಬ ಪಾಠ ಅಲ್ಲಿದೆ. ಬಾನು ಅವರ ಕತೆಗಳಲ್ಲಿ ಉರ್ದು, ಅರಬ್ಬಿ, ದಖನಿ ಮಾತುಗಳು ಅಪ್ಪಣೆ ಕೇಳದೆ ಕನ್ನಡದೊಳಗೆ ಓಡಾಡುತ್ತವೆ. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಕೂಡ ಆ ಮಾತುಗಳನ್ನು ಓರೆ ಅಕ್ಷರದಲ್ಲಿಟ್ಟು ಪರಕೀಯಗೊಳಿಸಲಿಲ್ಲ. ಅಮ್ಮಿ ಯಾವ ಭಾಷೆಯಲ್ಲಿ ಗದರಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಕತೆಗಳಿಂದ ಕಲಿಯಬಹುದು. ನಿರೂಪಣೆಯನ್ನೇ ಊರಿನ ಮಾತಿಗೆ ಒಪ್ಪಿಸಿದ ‘ಕುಸುಮಬಾಲೆ’ಯಿಂದಲೂ ಕಲಿಯಬಹುದು.

ಕೇಳಬೇಕಾದ ಪ್ರಶ್ನೆ

ಎಲ್ಲ ನಿಲುಗಡೆಗಳೂ ಇಷ್ಟು ಆಳವಾದವೆಂದು ನಾವು ಹೇಳುತ್ತಿಲ್ಲ. ಸೋಮಾರಿತನವೂ ಇದೆ, ಬಿಡಲೇಬೇಕಾದ ಕಾದಂಬರಿಗಳೂ ಇವೆ. ಗುರುತಿಸುವುದು ಹೇಗೆ? ಮತ್ತೆ ಕೈಗೆತ್ತಿಕೊಂಡಾಗ ಬರಹ ಬದಲಾಗಿದೆಯೇ ಎಂದು ನೋಡಬೇಕು. ನಿಂತಲ್ಲಿಂದಲೇ, ನಿಂತ ಹಾಗೆಯೇ ಮುಂದುವರಿದರೆ ಆ ನಿಲುಗಡೆ ಬರೀ ವಿಳಂಬ. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೈಸೂರಿನ ಎಸ್.ಎಲ್. ಭೈರಪ್ಪನವರ ನಿಲುವುಗಳೊಡನೆ ನಮಗೆ ತೀವ್ರ ಭಿನ್ನಾಭಿಪ್ರಾಯವಿದೆ. ಆದರೆ ‘ಪರ್ವ’ಕ್ಕಾಗಿ ಅವರು ಮಾಡಿದ ಓದು, ತಿರುಗಾಟ, ‘ಮಂದ್ರ’ದ ಹಿಂದಿರುವ ಸಂಗೀತದ ವ್ಯಾಸಂಗ ನೋಡಿದರೆ, ಉಳಿದವರು ನಡುವೆ ನಿಲ್ಲುವಲ್ಲಿ ಅವರು ಬರೆಯುವ ಮೊದಲೇ ನಿಂತು ತಯಾರಾಗುತ್ತಿದ್ದರು ಎನಿಸುತ್ತದೆ. ನಿಲ್ಲಬೇಕಾದಷ್ಟು ನಿಲ್ಲದೆ ಪ್ರಶಸ್ತಿಯ ಕೊನೆಯ ದಿನಾಂಕಕ್ಕೆ, ಸಗಟು ಖರೀದಿಯ ಅರ್ಜಿಗೆ ಅವಸರದಲ್ಲಿ ಮುಗಿಸಿದ ಕಾದಂಬರಿಗಳೇ ನಮ್ಮಲ್ಲಿ ಹೆಚ್ಚು. ನಿಂತವುಗಳಿಗಿಂತ ಇವು ಕನ್ನಡಕ್ಕೆ ಮಾಡಿದ ಹಾನಿ ದೊಡ್ಡದು.

ಬರೆಯುವವರು ಇದರಿಂದ ಕಲಿಯಬಹುದಾದ ಪಾಠಗಳು ಸರಳ. ಕತೆ ನಿಂತರೆ, ಹೇಳುತ್ತಿರುವವರು ಯಾರು ಎಂದು ಕೇಳಿಕೊಳ್ಳಬೇಕು; ಗಾಡಿಯಿಂದ ಇಳಿಯಬೇಕಾಗಿರಬಹುದು. ನಿಲ್ಲಿಸಿದ ಸಂಗತಿಯೇ ಬರೆಯಬೇಕಾದ ಸಂಗತಿಯೂ ಆಗಿರಬಹುದು. ಹೆಗಲ ಮೇಲಿನವರ ಕಾಟವಾದರೆ ಅರ್ಧ ಬರೆದದ್ದನ್ನು ನಿಜವಾದ ನಾಲ್ಕು ಜನರೆದುರು ಓದಬೇಕು. ಇದರಲ್ಲಿ ಪತ್ರಿಕೆಗಳ ಹೊಣೆಯೂ ಇದೆ. ಹೊಸಬರ ಧಾರಾವಾಹಿಗೆ ಜಾಗ ಕುಗ್ಗಿರುವ ಈ ಕಾಲದಲ್ಲಿ ಮಾಸಪತ್ರಿಕೆಗಳು ಮುಗಿಯದ ಕಾದಂಬರಿಯ ಒಂದೊಂದು ಅಧ್ಯಾಯವನ್ನಾದರೂ ಅಚ್ಚು ಹಾಕಬೇಕು. ಮೈಸೂರಿನಂಥ ಊರಿನಲ್ಲಿ ಪುಸ್ತಕ ಬಿಡುಗಡೆಗೆ ಸೇರುವ ಜನ, ಬಿಡುಗಡೆಯಾಗದ ಪುಸ್ತಕ ಕೇಳಲೂ ತಿಂಗಳಿಗೊಮ್ಮೆ ಒಂದು ಮನೆಯ ಜಗುಲಿಯಲ್ಲಿ ಸೇರಬಹುದು. ಇದಕ್ಕೆ ಅಕಾಡೆಮಿಯ ಅನುದಾನ ಬೇಕಿಲ್ಲ, ಚಹಾ ಸಾಕು. ಮನೆಗೆಲಸ ಮುಗಿಸಿ ಬರೆಯುವ ಹೆಂಗಸರಿಗೆ ಆ ಸಂಜೆಯ ಎರಡು ಗಂಟೆ ಬಿಡುವು ಮಾಡಿಕೊಡುವುದು ಮನೆಯವರ ಕೆಲಸ.

ಲೇಖಕರನ್ನು ‘ಯಾವಾಗ ಮುಗಿಯುತ್ತದೆ?’ ಎಂದು ಕೇಳುವುದನ್ನು ನಾವು ಬಿಡಬೇಕು. ‘ಎಲ್ಲಿ ನಿಂತಿದೆ? ಆ ಪುಟ ಓದಿ, ಕೇಳೋಣ’ ಎನ್ನುವುದು ಅದಕ್ಕಿಂತ ಒಳ್ಳೆಯ ಮಾತು.